ದೆವ್ವ ಉಟ್ಟ ಧೋತರ

ಪೆಂಟಮ್ಮ ಹದಿನೇಳು ವರ್ಷಗಳಿಂದ ಸತ್ತವನೊಬ್ಬನ ಬಟ್ಟೆ ಒಗೆಯುತ್ತಿದ್ದಳು.

ಸತ್ತವನು ಮಾರ್ಕಂಡೇಯ ಪಟೇಲ, ಮುದ್ದಲಪಲ್ಲಿಯ ವಾಡೆಯ ಯಜಮಾನ. ಮಕ್ತಲ್‌ನಿಂದ ಹೊಳೆಯ ಕಡೆ ಹೋಗುವ ಬಸ್ಸು ಇಳಿದು ಅರ್ಧ ತಾಸು ನಡೆದರೆ ಮುದ್ದಲಪಲ್ಲಿ. ಆತ ಸತ್ತದ್ದನ್ನು ಊರೆಲ್ಲ ಕಂಡಿತ್ತು. ಹೆಣವನ್ನು ಕೂರಿಸಿ, ವಿಮಾನ ಕಟ್ಟಿ, ಬಾಜಾ ಬಾರಿಸಿ, ತೋಟದ ಮೂಲೆಯಲ್ಲಿ ಮಣ್ಣು ಕೊಟ್ಟಿದ್ದರು. ಪಟೇಲನ ಹೆಣ ಬರಿಯ ನೆಲದ ಮೇಲೆ ಹೋಗಬಾರದೆಂದು ದಾರಿಯುದ್ದಕ್ಕೂ ಒಗೆದ ಮಡಿ ಬಟ್ಟೆ ಹಾಸಿದವಳು ಇದೇ ಪೆಂಟಮ್ಮ. ಮುಂದೆ ಹಾಸುವುದು, ಹೆಣ ದಾಟಿದ ಕೂಡಲೇ ಹಿಂದಿನದನ್ನು ಎತ್ತಿಕೊಂಡು ಓಡುವುದು, ಮತ್ತೆ ಮುಂದೆ ಹಾಸುವುದು. ವಾಡೆಯಿಂದ ತೋಟದವರೆಗೆ ಹಾಗೆ ಓಡಿದ್ದಳು. ಪಟೇಲ ಸತ್ತದ್ದು ಅವಳಷ್ಟು ಗಟ್ಟಿಯಾಗಿ ಇನ್ನೊಬ್ಬರಿಗೆ ಗೊತ್ತಿರಲಿಕ್ಕಿಲ್ಲ.

ಆದರೆ ಒಂಬತ್ತನೆಯ ದಿನ ಮಠದ ಕರಿಬಸಯ್ಯನವರು ವಾಡೆಯಲ್ಲಿ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಹಿರಿಯರು ಹೋಗಿಲ್ಲ. ಒಳಗ ಅದಾರ" ಎಂದುಬಿಟ್ಟರು.

ಪಟೇಲನ ಮಂಚದ ಮೇಲಿನ ಹಾಸಿಗೆ ನಡುವೆ ತಗ್ಗಾಗಿತ್ತಂತೆ. ಯಾರೋ ಮಲಗಿ ಎದ್ದ ಹಾಗೆ ಇತ್ತಂತೆ. ಆ ಹಾಸಿಗೆಯ ಮೇಲುಹೊದಿಕೆ ಒಗೆಯಲು ಬಂದಾಗ ಪೆಂಟಮ್ಮ ಅದರಿಂದ ಹಿಡಿ ತುಂಬ ಬೆಕ್ಕಿನ ಕೂದಲು ಬಿಡಿಸಿದಳು. ಯಾರೂ ಕೇಳಲಿಲ್ಲ. ಅವಳು ಹೇಳಲಿಲ್ಲ.

ಸತ್ತವರ ಬಟ್ಟೆ ಅಗಸರದು. ಅದು ಊರು ಹುಟ್ಟಿದಾಗಿನ ರೂಢಿ. ಯಾರ ಮನೆಯಲ್ಲಿ ಯಾರು ಸತ್ತರೂ ಅವರು ಉಟ್ಟದ್ದು, ತೊಟ್ಟದ್ದು, ಹೊದ್ದದ್ದು ಗಂಟಾಗಿ ಅಗಸರ ಮನೆಗೆ ಬರಬೇಕು. ಪಟೇಲನ ಬಟ್ಟೆ ಬರಲಿಲ್ಲ. ಅದರ ಬದಲು, ಪಟೇಲ ಹೋಗಿಲ್ಲವಾದ್ದರಿಂದ, ಒಗೆಯುವ ಕೆಲಸ ಬಂತು.

ದಿನ ಬೆಳಗಾದರೆ ಪಟೇಲನ ಹೆಂಡತಿ ಮಹಾಂತಮ್ಮ ಮಂಚದ ಮೇಲೆ ಒಂದು ಧೋತರ, ಒಂದು ಅಂಗಿ, ಒಂದು ರುಮಾಲು ಹರವಿ ಇಡುತ್ತಿದ್ದಳು. ಸಂಜೆ ಅವನ್ನೇ ಎತ್ತಿ ಮೈಲಿಗೆಯ ಬುಟ್ಟಿಗೆ ಹಾಕುತ್ತಿದ್ದಳು. ಸೋಮವಾರಕ್ಕೊಮ್ಮೆ ಏಳು ಧೋತರ, ಏಳು ಅಂಗಿ, ಏಳು ರುಮಾಲಿನ ಗಂಟು ಹಿತ್ತಲ ಬಾಗಿಲಿಗೆ ಬರುತ್ತಿತ್ತು. ಇಸ್ತ್ರಿಯ ಮಡಿಕೆ ಇಸ್ತ್ರಿಯ ಮಡಿಕೆಯಾಗಿಯೇ ಇರುತ್ತಿತ್ತು. ಅದನ್ನು ಪೆಂಟಮ್ಮ ಕೆರೆಗೆ ಹೊತ್ತು, ಸೋಡಾದಲ್ಲಿ ನೆನೆಸಿ, ಉಬ್ಬೆಗೆ ಹಾಕಿ ಬೇಯಿಸಿ, ಬಂಡೆಗೆ ಬಡಿದು, ನೀಲಿ ಕೊಟ್ಟು, ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅದೇ ಹಿತ್ತಲ ಬಾಗಿಲಿಗೆ ಒಯ್ಯಬೇಕು.

ಕೊಳೆಯಿಲ್ಲದ ಬಟ್ಟೆ ಒಗೆಯುವುದು ಬಲು ತ್ರಾಸಿನ ಕೆಲಸ. ಕೊಳೆ ಇದ್ದರೆ ಅದು ಹೋದದ್ದು ಕಣ್ಣಿಗೆ ಕಾಣುತ್ತದೆ, ಕೈ ನಿಲ್ಲುತ್ತದೆ. ಕೊಳೆಯೇ ಇಲ್ಲದ್ದನ್ನು ಎಲ್ಲಿಯವರೆಗೆ ಬಡಿಯುವುದು? ಪೆಂಟಮ್ಮ ನೂರು ಎಣಿಸಿ ನಿಲ್ಲಿಸುತ್ತಿದ್ದಳು. ಸೋಡಾ ಅವಳ ಬೆರಳ ಸಂದುಗಳನ್ನು ತಿಂದಿತ್ತು. ಅನ್ನ ಕಲೆಸಿದರೆ ಬೆಂಕಿ ಮುಟ್ಟಿದಂತೆ ಉರಿಯುತ್ತಿತ್ತು. ಮೊಣಕಾಲು ನೀರಲ್ಲಿ ನಿಂತೂ ನಿಂತೂ ಮಡಚುವುದನ್ನೇ ಮರೆತಿದ್ದವು.

ಮೊದಲ ವರ್ಷ ಅವಳ ಗಂಡ ನರಸಯ್ಯ ಬದುಕಿದ್ದ. ಬಾಯಿ ಸ್ವಲ್ಪ ಉದ್ದ. ಕಳ್ಳಿನಂಗಡಿಯಲ್ಲಿ ಕೂತು, "ಹೆಣಕ್ಕ ಬೆವರು ಬರತೈತೇನ್ರೋ? ಬರೂದಾದ್ರ ಒಗೀತೀನಿ" ಎಂದಿದ್ದ. ನಾಲ್ಕು ಜನ ನಕ್ಕಿದ್ದರು. ಮರುದಿನ ಪಟೇಲನ ಮಗ ಶ್ರೀನಾಥ ಅವನನ್ನು ವಾಡೆಗೆ ಕರೆಸಿದ. ಹಸಿ ಬಟ್ಟೆಯ ಗಂಟು ತಲೆಯ ಮೇಲೆ ಹೊರಿಸಿ, ಒಳಗಿನ ಮಂಚಕ್ಕೆ ಮುಖ ಮಾಡಿ ಅಂಗಳದಲ್ಲಿ ನಿಲ್ಲಿಸಿದ. ಗಂಟು ಒಣಗುವವರೆಗೆ ನಿಲ್ಲಬೇಕು. ಆಗ ವೈಶಾಖ. ಗಂಟು ಹೊರಗೆ ಒಣಗಿತು, ಒಳಗೆ ಒಣಗಲಿಲ್ಲ. ನರಸಯ್ಯ ಹೊತ್ತು ಇಳಿಯುವವರೆಗೆ ನಿಂತ. ಮನೆಗೆ ಬಂದು ಮಲಗಿದವನು ಏಳಲಿಲ್ಲ. ಮೂರನೆಯ ದಿನ ಹೋದ.

ಬಿಸಿಲು ಹೊಡೆದು ಸತ್ತವನನ್ನು ಊರು, "ಹಿರಿಯರು ಹೊಡದರು" ಎಂದಿತು.

ಆಗ ಮಗ ಮಲ್ಲೇಶನಿಗೆ ಎಂಟು ವರ್ಷ. ಪೆಂಟಮ್ಮ ಮಗನನ್ನು ನೋಡಿದಳು, ಗಂಟನ್ನು ನೋಡಿದಳು. ಗಂಟು ಎತ್ತಿಕೊಂಡಳು.

ಶ್ರೀನಾಥ ಪಟೇಲ ದೆವ್ವಗಳನ್ನು ನಂಬುವ ಮನುಷ್ಯನೇನೂ ಅಲ್ಲ. ಮಕ್ತಲ್‌ನಲ್ಲಿ ಅಕ್ಕಿ ಗಿರಣಿ ಇಟ್ಟವನು, ಕಾರಿನಲ್ಲಿ ಓಡಾಡುವವನು. ಆದರೆ ಬದುಕಿದ್ದ ಅಪ್ಪನಿಗಿಂತ ಸತ್ತ ಅಪ್ಪ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದ. ವಾಡೆಯ ಮುಂದೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುತ್ತಿರಲಿಲ್ಲ. ಊರ ದನ ಮೇಯುವ ಗಾಯರಾಣದ ಜಮೀನು ವಾಡೆಯ ಬೇಲಿಯೊಳಗೆ ಸೇರಿದ್ದನ್ನು ಯಾರೂ ಕೇಳುತ್ತಿರಲಿಲ್ಲ. ಸತ್ತ ಮೇಲೂ ಪಟೇಲನ ಓಟು ಎರಡು ಸಲ ಬಿದ್ದಿತ್ತು. ಹೆಂಡತಿ ಮಹಾಂತಮ್ಮನ ಹಣೆಯ ಕುಂಕುಮ, ಕೈಯ ಹಸಿರು ಬಳೆ ಹಾಗೇ ಇದ್ದವು. ಗಂಡ ಮನೆಯಲ್ಲೇ ಇರುವಾಗ ತೆಗೆಯುವುದು ಹೇಗೆ? ಊರಿನ ಮದುವೆಗಳಲ್ಲಿ ಮೊದಲ ಅರಿಶಿನ ಅವಳದೇ.

ಹೀಗೆ ನಡೆದುಕೊಂಡು ಬಂದದ್ದು ಕೆಟ್ಟದ್ದು ಒಂದು ಬಾಲದಿಂದ.

ಅಗಸರು ಬಟ್ಟೆಯ ಅಂಚಿಗೆ ಕೇರುಬೀಜದ ಕಪ್ಪಿನಿಂದ ಮನೆಗೊಂದು ಗುರುತು ಹಾಕುತ್ತಾರೆ. ಎಷ್ಟು ಒಗೆದರೂ ಅದು ಹೋಗುವುದಿಲ್ಲ. ವಾಡೆಯ ಗುರುತು ಮೂರು ಚುಕ್ಕೆ. ಕುರುಬರ ಕುರುಮಯ್ಯನ ಗುರುತು ಮೂರು ಚುಕ್ಕೆಗೆ ಒಂದು ಬಾಲ. ಕುರುಮಯ್ಯ ಬೀರಪ್ಪನ ಭಕ್ತ, ಅರವತ್ತರ ಆಸುಪಾಸಿನವನು, ಹಟ್ಟಿಯಲ್ಲಿ ಇನ್ನೂರು ಕುರಿ. ಬೀರಪ್ಪನ ಪೂಜೆಗೆಂದು ನಾರಾಯಣಪೇಟೆಯ ಅಂಗಡಿಯಿಂದ ಆತ ಹೊಸ ಧೋತರ ತಂದಿದ್ದ. ಪಟೇಲನ ಧೋತರದಷ್ಟೇ ನಯ, ಅಷ್ಟೇ ಬಿಳುಪು.

ಆ ತಿಂಗಳು ಪೆಂಟಮ್ಮನ ಮೊಣಕಾಲು ಊದಿಕೊಂಡು ಬಟ್ಟೆ ವಿಂಗಡಿಸುವ ಕೆಲಸ ಸೊಸೆಗೆ ಬಿತ್ತು. ಸೊಸೆ ದೇವಿಕಾ, ಉಂಡವಳ್ಳಿಯ ಹುಡುಗಿ, ಆರು ತಿಂಗಳ ಬಸುರಿ. ಗಂಜಿ ಹಾಕಿದ ಮಡಿಕೆಯಲ್ಲಿ ಬಾಲ ಒಳಗೆ ಮಡಚಿಹೋಗಿತ್ತು. ಮೂರು ಚುಕ್ಕೆ ಮಾತ್ರ ಕಂಡವು. ಕುರುಮಯ್ಯನ ಧೋತರ ವಾಡೆಗೆ ಹೋಯಿತು. ಪಟೇಲನ ಧೋತರ ಕುರುಬರ ಹಟ್ಟಿಗೆ ಹೋಯಿತು.

ನಾಲ್ಕು ವಾರ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕು ವಾರ ಪಟೇಲನ ದೆವ್ವ ಕುರುಬನ ಧೋತರ ಉಟ್ಟಿತು. ಐದನೆಯ ವಾರ ಮಹಾಂತಮ್ಮ ಸಂಜೆ ಬಟ್ಟೆ ಎತ್ತುವಾಗ ನಿರಿಗೆಯಲ್ಲಿ ಒಂದು ಎಳೆ ಕುರಿಯ ಉಣ್ಣೆ ಸಿಕ್ಕಿತು. ಅಂಚು ಬಿಡಿಸಿ ನೋಡಿದಳು. ಬಾಲ ಇತ್ತು.

ಮರುದಿನ ಬೆಳಿಗ್ಗೆ ತಳವಾರ ಎಂಕಪ್ಪ ಅಗಸರ ಓಣಿಗೆ ಬಂದು, ಅತ್ತೆ ಸೊಸೆ ಇಬ್ಬರೂ ಹನುಮಪ್ಪನ ಕಟ್ಟೆಗೆ ಬರಬೇಕೆಂದು ಹೇಳಿ ಹೋದ. ಮಲ್ಲೇಶ ಮಕ್ತಲ್‌ನಲ್ಲಿ ಇಸ್ತ್ರಿ ಅಂಗಡಿಯ ಕೆಲಸಕ್ಕೆ ಆಗಲೇ ಹೋಗಿದ್ದ.

"ನಾನೇನು ಬೇಕಂತ ಮಾಡಿಲ್ಲ ಅತ್ತಮ್ಮಾ," ಎಂದಳು ದೇವಿಕಾ. "ಬಾಲ ಕಾಣಲಿಲ್ಲ."

"ನನಗ ಗೊತ್ತೈತಿ. ನೀ ಬಾಯಿ ತೆರೀಬ್ಯಾಡ. ಹೊಟ್ಟಿ ಮ್ಯಾಲೆ ಸೆರಗ ಹೊದ್ದುಕೋ, ನಡಿ."

ಕಟ್ಟೆಯ ಮೇಲೆ ಶ್ರೀನಾಥ ಪಟೇಲ, ಕರಿಬಸಯ್ಯನವರು, ರೈತರ ಹಿರಿಯ ಭೀಮಣ್ಣ ಕೂತಿದ್ದರು. ಸುತ್ತ ಊರು ನಿಂತಿತ್ತು. ಅತ್ತೆ ಸೊಸೆ ಚಪ್ಪಲಿ ದೂರ ಬಿಟ್ಟು ಕಟ್ಟೆಯ ಕೆಳಗೆ ನಿಂತರು. ಅವರ ಪಕ್ಕದಲ್ಲಿ ಕುರುಮಯ್ಯ, ಪಟೇಲನ ಧೋತರವನ್ನು ಒಂದು ಕೋಲಿನ ತುದಿಗೆ ನೇತುಹಾಕಿಕೊಂಡು, ಅದು ತನ್ನ ಮೈಗೆ ತಾಗದಂತೆ ಹಿಡಿದುಕೊಂಡು ನಿಂತಿದ್ದ.

ಕರಿಬಸಯ್ಯನವರು ಗಂಟಲು ಸರಿಮಾಡಿಕೊಂಡರು. "ಹಿರಿಯರು ಬಾಳ ನೊಂದಾರ. ಕುರುಬರ ಅರಿವಿ ನಾಕು ವಾರ ಅವರ ಮೈಮ್ಯಾಲೆ. ರಾತ್ರಿ ನನ್ನ ಕನಸಿನ್ಯಾಗ ಬಂದು ಅತ್ತರು."

ಪೆಂಟಮ್ಮ ತಲೆ ತಗ್ಗಿಸಿಕೊಂಡೇ ಕೇಳಿದಳು. "ಅಯ್ಯನವರ, ಹೋದ ವಾರ ವಾಡೇಕ ಬಂದಾಗ, ಹಿರಿಯರು ಈ ತಿಂಗಳ ಬಾಳ ಶಾಂತ ಅದಾರ ಅಂದಿದ್ರಿ. ನಾ ಹಿತ್ತಲದಾಗ ಇದ್ದೆ."

"ಆಗ ಅವರಿಗೆ ಗೊತ್ತಿರಲಿಲ್ಲ."

"ಯಾವಾಗ ಗೊತ್ತಾತ್ರಿ?"

"ನಿನ್ನಿ. ನಾವು ಹೇಳಿದ ಮ್ಯಾಲೆ."

ಯಾರೋ ಹಿಂದೆ ಕೆಮ್ಮಿದರು. ಶ್ರೀನಾಥ ಆ ಕಡೆ ನೋಡಿದ. ಕೆಮ್ಮು ನಿಂತಿತು.

ಕುರುಮಯ್ಯ ಕೋಲನ್ನು ಸ್ವಲ್ಪ ಎತ್ತಿದ. "ನಂದೂ ಒಂದು ಮಾತೈತ್ರಿ. ನಾ ಇದನ್ನ ಉಟ್ಟು ನಾಕು ಸಲ ಬೀರಪ್ಪನ ಗುಡ್ಯಾಗ ಭಂಡಾರ ಹಚ್ಚೀನಿ. ಸತ್ತವರ ಅರಿವಿ ಉಟ್ಟು ದೇವರ ಮುಂದ ನಿಂತಂಗಾತು. ನಮ್ಮ ದೇವರಿಗಿ ಆದ ಮೈಲಿಗಿ ಯಾರು ತೊಳೀಬೇಕು?"

"ಏ ಕುರುಮಾ," ಎಂದ ಶ್ರೀನಾಥ, "ನಮ್ಮಪ್ಪನ ಧೋತರ ನಿನ್ನ ಮೈಗೆ ತಾಗಿದ್ದು ನಿನ್ನ ಪುಣ್ಯ."

"ಪುಣ್ಯ ನಿಮ್ಮ ಹತ್ರ ಇರಲ್ರೀ. ನನಗ ನನ್ನ ಧೋತರ ಬೇಕು. ಹೊಸಾದು ಅದು."

"ಅದನ್ನ ಸುಟ್ಟೀವಿ."

"ಸುಟ್ರಿ? ನಂದು ಸುಟ್ಟು ನಿಮ್ದು ನನಗ ತೋರಸ್ತೀರಿ?" ಕುರುಮಯ್ಯ ಸುತ್ತ ನಿಂತವರನ್ನು ನ್ಯಾಯ ಕೇಳುವವನಂತೆ ನೋಡಿದ. ಯಾರ ಮೈಲಿಗೆ ಯಾರಿಗೆ ತಗುಲಿತು, ಯಾವುದು ಹೆಚ್ಚು, ಕುರುಬರ ದೇವರದೋ ಪಟೇಲರ ದೆವ್ವದ್ದೋ ಎಂದು ಬಹಳ ಹೊತ್ತು ವಾದ ನಡೆಯಿತು. ಬಿಸಿಲು ಏರಿತು. ದೇವಿಕಾ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುತ್ತ ನಿಂತಿದ್ದಳು. ಅವಳನ್ನು ಕೂರು ಎಂದು ಯಾರೂ ಹೇಳಲಿಲ್ಲ.

ಕೊನೆಗೆ ಶ್ರೀನಾಥ ಕೈ ಎತ್ತಿ ಫೈಸಲಾ ಹೇಳಿದ. "ತಪ್ಪು ಮಾಡಿದಾಕಿ ಈ ಹುಡುಗಿ. ವಾಡೇದ ಅಷ್ಟೂ ಬಟ್ಟಿ ಒಗದು, ಹಸಿ ಗಂಟು ತಲಿಮ್ಯಾಲೆ ಹೊತ್ತು ವಾಡೇಕ ಐದು ಸುತ್ತು ಬರಬೇಕು. ಆಮ್ಯಾಲೆ ಹಿರಿಯರ ಮಂಚದ ಮುಂದ ಬಿದ್ದು ತಪ್ಪಾತು ಅನಬೇಕು. ಪೆಂಟಿ ಕೈಲಿ ಇನ್ನ ಆಗೂದಿಲ್ಲ. ಬರೂ ಸೋಮವಾರದಿಂದ ಈಕೀನ ಖಾಯಂ ವಾಡೇದ ಹಿತ್ತಲದಾಗ ಬಂದು ಒಗೀಬೇಕು."

ಭೀಮಣ್ಣ ಮೆಲ್ಲಗೆ ಎಂದ. "ಬಸುರಿ ಹೆಣಮಗಳು, ಶ್ರೀನಾಥಪ್ಪ."

"ನಾ ಹೇಳಿದ್ದಲ್ಲ ಭೀಮಣ್ಣ. ಹಿರಿಯರದು. ಅವರು ಬಸುರಿ ಬಾಣಂತಿ ಅಂತ ನೋಡೋರಲ್ಲ."

ಪೆಂಟಮ್ಮ ಯಾವಾಗಲೂ ಕಟ್ಟೆಯ ಮುಂದೆ ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿ ನಿಲ್ಲುತ್ತಿದ್ದಳು. ಈಗ ಆ ಕೈಗಳು ಬಿಚ್ಚಿದವು. ಬೆರಳ ಸಂದುಗಳು ಉರಿಯುತ್ತಿದ್ದವು. ಹಸಿ ಗಂಟು ಎಂಬ ಮಾತು ಕಿವಿಯಲ್ಲಿ ಬಿದ್ದಾಗಿನಿಂದ ಅವಳಿಗೆ ನರಸಯ್ಯನ ಕುತ್ತಿಗೆ ಕಾಣುತ್ತಿತ್ತು. ಗಂಟಿನ ಭಾರಕ್ಕೆ ಹೆಗಲೊಳಗೆ ಹೂತುಹೋದ ಕುತ್ತಿಗೆ.

"ಆಕಿ ಹೊರಂಗಿಲ್ಲ," ಎಂದಳು.

"ಏನಂದಿ?"

"ಆಕಿ ಹೊರಂಗಿಲ್ಲ. ಒಗಿಯಂಗೂ ಇಲ್ಲ. ನಾನೂ ಒಗಿಯಂಗಿಲ್ಲ."

ಶ್ರೀನಾಥ ಸಿಟ್ಟಾಗಲಿಲ್ಲ. ನಕ್ಕ. "ನರಸ್ಯಾನೂ ಹಿಂಗ ಅಂದಿದ್ದ."

"ಹೌದ್ರಿ. ಅದಕ್ಕ ಒಂದು ಮಾತು ಕೇಳಬೇಕಾಗೈತಿ. ದೊಡ್ಡ ಪಟೇಲರು ಸತ್ತಾರೋ, ಬದುಕ್ಯಾರೋ? ಅದೊಂದು ಹೇಳ್ರಿ."

ಹದಿನೇಳು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ.

"ಬದುಕಿದ್ರ," ಎಂದಳು ಪೆಂಟಮ್ಮ, "ಬಟ್ಟೀಗಿ ಹೊಲಸು ಇರಬೇಕು. ಬೆವರೋ, ಮಣ್ಣೋ, ಸಾರು ಬಿದ್ದದ್ದೋ, ಏನರ ಒಂದು. ಹೊಲಸು ಮಾಡಿ ಕಳಿಸ್ರಿ, ಒಗೀತೀನಿ. ಸತ್ತಿದ್ರ, ಸತ್ತವರ ಬಟ್ಟಿ ಅಗಸರದು. ಹದಿನೇಳು ವರ್ಷದಿಂದ ನಮಗ ಬರಬೇಕಾದ್ದು. ಇವತ್ತ ಕೊಡ್ರಿ. ಎರಡರಾಗ ಒಂದು."

ಶ್ರೀನಾಥ ಬಾಯಿ ತೆರೆದ. ಬದುಕಿದ್ದಾನೆ ಎನ್ನಲು ಹೊರಟು, ಸುತ್ತ ನಿಂತ ಇನ್ನೂರು ಜನರನ್ನು ನೋಡಿದ. ಸತ್ತಿದ್ದಾನೆ ಎನ್ನಲು ಹೊರಟು, ಕರಿಬಸಯ್ಯನವರನ್ನು ನೋಡಿದ. ಬಾಯಿ ಮುಚ್ಚಿಕೊಂಡ.

ಪೆಂಟಮ್ಮ ಭೀಮಣ್ಣನ ಕಡೆ ತಿರುಗಿದಳು. "ಭೀಮಣ್ಣರ, ನೀವು ಹೆಗಲ ಕೊಟ್ಟಿದ್ರಿ. ನಾ ಮುಂದ ಮಡಿ ಹಾಸಿಕೊಂತ ಓಡತಿದ್ದೆ. ಭಾರ ಇತ್ತೇನ್ರಿ?"

ಭೀಮಣ್ಣ ಸತ್ಯವಂತ. "ಭಾರ ಇತ್ತವ್ವ," ಎಂದ. "ಎರಡು ದಿನ ಹೆಗಲ ಬಾತಿತ್ತು."

"ಮಣ್ಣು ಹಾಕಿದ್ರಿ?"

"ಮೂರು ಹಿಡಿ ಹಾಕೀನಿ."

"ಮತ್ತ ಯಾರು ಅದಾರ ವಾಡ್ಯಾಗ?"

ಕರಿಬಸಯ್ಯನವರು ನಡುವೆ ಬಂದರು. ಮಠದವರಿಗೆ ದಾರಿ ಇದ್ದೇ ಇರುತ್ತದೆ. "ಹಂಗ ಒಂದ ಮಾತಿನ್ಯಾಗ ಹೇಳಾಕ ಬರೂದಿಲ್ಲ ತಂಗಿ. ದೇಹ ಹೋಗೇತಿ, ಜೀವ ಐತಿ. ಅರ್ಧ ಸತ್ತಾರ ಅನ್ನು."

"ಆತ್ರಿ. ಅರ್ಧ ಬಟ್ಟಿ ಕೊಡ್ರಿ. ಧೋತರ ನಮಗ, ಅಂಗಿ ಅವರಿಗೆ."

ಮೊದಲು ನಕ್ಕವನು ಕುರುಮಯ್ಯ. ಅವನ ನಗೆಗೆ ಕೋಲು ಅಲ್ಲಾಡಿ, ಪಟೇಲನ ಧೋತರವೂ ಕುಣಿಯಿತು. ಅದನ್ನು ನೋಡಿ ಕುರುಬರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಯಾರು ಎಲ್ಲಿ ನಕ್ಕರೋ ಹೇಳಲಾಗದು. ನಗೆ ತಳವಾರ ಎಂಕಪ್ಪನವರೆಗೂ ಹೋಯಿತು. ಅವನು ನಗುವುದೋ ಜನರನ್ನು ಗದರುವುದೋ ತಿಳಿಯದೆ ಎರಡನ್ನೂ ಮಾಡಿದ.

ಶ್ರೀನಾಥ ಎದ್ದು ನಿಂತ. "ನಗ್ರಿ. ಸಂಜಿ ತನಕ ನಗ್ರಿ. ಹಿರಿಯರು ಕೈ ಹಾಕಿದ್ರ ಯಾರ ಮನ್ಯಾಗ ಯಾರು ಉಳೀತಾರ ನೋಡೂಣು. ಪೆಂಟಿ, ನಿನ್ನ ಸೊಸಿ ಹೊಟ್ಟ್ಯಾಗಿಂದು ನೆನಪಿರಲಿ."

ದೇವಿಕಾ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು.

ಪೆಂಟಮ್ಮನಿಗೆ ಹೆದರಿಕೆ ಆಗಲಿಲ್ಲ ಎನ್ನಲಾಗದು. ಆಯಿತು. ಹದಿಮೂರು ಮೊಳದ ಸೀರೆ ಉಟ್ಟರೂ ಬತ್ತಲೆ ನಿಂತಂತೆ ಆಯಿತು. ಆದರೆ ಹೆದರಿ ಒಗೆದದ್ದು ಹದಿನೇಳು ವರ್ಷ. ಹೆದರಿ ಒಗೆದದ್ದಕ್ಕೇ ಈಗ ಸೊಸೆಯ ತಲೆಗೆ ಗಂಟು ಬಂದಿತ್ತು. ಇನ್ನು ಆ ಹೊಟ್ಟೆಯಲ್ಲಿರುವುದರ ತಲೆಗೆ ಬರುತ್ತದೆ. ಸತ್ತವನಿಗೆ ವಯಸ್ಸಾಗುವುದಿಲ್ಲ. ಅವನು ಕಾಯಬಲ್ಲ.

"ನನ್ನ ಗಂಡನ್ನ ಹೊಡದದ್ದು ನಿಮ್ಮಪ್ಪ ಅಲ್ಲ," ಎಂದಳು. "ಅಂಗಳದಾಗ ನಿಲ್ಲಿಸಿದ್ದು ನೀವು. ನಾ ಹಿತ್ತಲದಿಂದ ನೋಡೀನಿ. ನೀವು ನೆಳ್ಳಾಗ ಕುಂತು ಮಜ್ಜಿಗಿ ಕುಡದ್ರಿ. ಎರಡು ತಂಬಗಿ."

ಅಷ್ಟು ಹೇಳಿ ಅವಳು ವಾಡೆಯ ಕಡೆ ನಡೆದಳು. ಮಡಚದ ಮೊಣಕಾಲುಗಳನ್ನು ಎಳೆದುಕೊಂಡು ನಡೆದಳು. ದೇವಿಕಾ ಹಿಂದೆ. ಕುರುಮಯ್ಯ ಕೋಲು ಹಿಡಿದು ಅವಳ ಹಿಂದೆ. ಆಮೇಲೆ ಊರು. ಕಟ್ಟೆಯ ಮೇಲಿದ್ದವರೂ ಇಳಿದು ಬರಬೇಕಾಯಿತು.

ಹಿತ್ತಲ ಬಾಗಿಲು ಎಡಕ್ಕೆ ಇತ್ತು. ಕಾಲು ರೂಢಿಯಿಂದ ಆ ಕಡೆಗೇ ಹೊರಳಿತು. ಪೆಂಟಮ್ಮ ಕಾಲನ್ನು ತಿರುಗಿಸಿದಳು. ತಲೆಬಾಗಿಲಿನಿಂದ ಒಳಗೆ ಹೋದಳು. ಅಂಗಳ ದಾಟಿದಳು. ನರಸಯ್ಯ ನಿಂತ ಜಾಗ ಅದು. ಅಲ್ಲಿ ಏನೂ ಇರಲಿಲ್ಲ. ಒಣಹಾಕಿದ ಮೆಣಸಿನಕಾಯಿ ಇದ್ದವು.

ಮಂಚದ ಕೋಣೆಯಲ್ಲಿ ಮಹಾಂತಮ್ಮ ಕೂತಿದ್ದಳು. ಎಂಬತ್ತರ ಮುದುಕಿ. ಆವತ್ತಿನ ಧೋತರ ಹರವಿ, ಅದರ ಮೇಲೆ ಅಂಗಿ ಇಟ್ಟು, ತೋಳುಗಳನ್ನು ನೇರ ಮಾಡುತ್ತಿದ್ದಳು. ಕಟ್ಟೆಯ ಮಾತು ಅವಳಿಗೆ ಆಗಲೇ ಬಂದು ಮುಟ್ಟಿತ್ತು.

"ಬಟ್ಟಿ ಒಯ್ಯಾಕ ಬಂದಿ?" ಎಂದಳು.

"ಹೌದ್ರೆವ್ವಾ. ಸತ್ತವರದು ನಮ್ದಲ್ಲೇನ್ರಿ?"

ಮಹಾಂತಮ್ಮ ಅಂಗಿಯ ಗುಂಡಿ ಹಾಕಿದಳು. ಬಿಚ್ಚಿದಳು. "ನೀ ಒಯ್ದ್ರ ಅವರು ಸತ್ತಂಗಾತು. ಅವರು ಸತ್ರ ನನ್ನ ಹಣಿ ಏನಾಗಬೇಕು?"

ಪೆಂಟಮ್ಮ ಆ ಹಣೆಯನ್ನು ನೋಡಿದಳು. ತನ್ನ ಹಣೆ ಹದಿನಾರು ವರ್ಷಗಳಿಂದ ಬೋಳು. ಅದನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಆದರೆ ಮುದುಕಿ ಮತ್ತೆ ಅದೇ ಗುಂಡಿ ಹಾಕುತ್ತಿದ್ದಳು.

"ನಾ ಕೇಳಿದ್ದು ಧೋತರ, ಅಂಗಿ, ರುಮಾಲು," ಎಂದಳು. "ಕುಂಕುಮದ ಕರಡಿಗಿ ನಾ ಕೇಳಿಲ್ಲ. ಅದು ಅಗಸರ ಹಕ್ಕಿನ್ಯಾಗ ಬರೂದಿಲ್ಲ. ನಿಮ್ಮ ಹತ್ರ ಇರಲಿ."

ಮಹಾಂತಮ್ಮ ಅಂಗಿಯ ತೋಳು ಮಡಚಿದಳು. ಬಾಗಿಲಲ್ಲಿ ಮಗ ಬಂದು ನಿಂತಿದ್ದ. "ಅವ್ವಾ, ಕೊಡಬ್ಯಾಡ," ಎಂದ.

"ದಿನಾ ಎರಡು ಹೊತ್ತು ಇವರ ಮುಂದ ಇಟ್ಟ ತಾಟು ತಗಿಯೂ ತನಕ ನಾ ಉಂಡಿಲ್ಲ," ಎಂದಳು ಮುದುಕಿ, ಮಗನಿಗೋ ಮಂಚಕ್ಕೋ. "ಅನ್ನ ಆರಿ ಕಲ್ಲ ಆಗತಿತ್ತು." ಆಮೇಲೆ ಪೆಂಟಮ್ಮನಿಗೆ, "ಮಂಚದ ಕೆಳಗ ಟ್ರಂಕ್ ಐತಿ ನೋಡು. ಕೋಟು, ಶಲ್ಲೆ ಎಲ್ಲಾ ಅದರಾಗ. ಅದನ್ನೂ ಒಯ್ಯಿ. ಕಸ ಹೊಡಿಯುವಾಗ ಕಾಲಿಗಿ ತಾಗತೈತಿ."

ಪೆಂಟಮ್ಮ ಗಂಟು ಕಟ್ಟಿದಳು. ಟ್ರಂಕಿಗೆ ಕುರುಮಯ್ಯ ಕೈ ಹಚ್ಚಿದ. ದೇವಿಕಾ ಭಾರ ಎತ್ತಲು ಬಂದಾಗ ಪೆಂಟಮ್ಮ ಗದರಿದಳು. "ನೀ ಸುಮ್ಮನ ಬಾ. ಇವತ್ತ ನಿನಗ ಏನೂ ಹೊರಾಕ ಕೊಡಂಗಿಲ್ಲ ಅಂತ ಇಷ್ಟೆಲ್ಲಾ ಮಾಡೀನಿ."

ಗಂಟು ಹೊತ್ತು ತಲೆಬಾಗಿಲು ದಾಟುವಾಗ ಅವಳ ಬೆನ್ನು ಬಿಗಿಯಾಯಿತು. ಹಿಂದಿನಿಂದ ಏಟು ಬೀಳಬಹುದು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಏಟು ಬೀಳಲಿಲ್ಲ. ತಲೆಯ ಮೇಲೆ ಬಟ್ಟೆಯ ಭಾರ ಇತ್ತು. ಒಣಬಟ್ಟೆ. ಅಷ್ಟೇನೂ ಭಾರ ಇರಲಿಲ್ಲ.

ಅದೇ ಸಂಜೆ ಎಂಕಪ್ಪ ಸಾರಿಕೊಂಡು ಹೋದ. ಪೆಂಟಮ್ಮನ ಮನೆಗೆ ಯಾರೂ ಬಟ್ಟೆ ಹಾಕಬಾರದು, ಅವಳಿಗೆ ಕೆರೆಯ ಬಂಡೆ ಬಂದ್. ಪೆಂಟಮ್ಮ ಕೇಳಿಸಿಕೊಂಡು, ಒಳ್ಳೆಯದಾಯಿತೆಂದು ಮೊಣಕಾಲಿಗೆ ಎಣ್ಣೆ ಹಚ್ಚಿ ಮಲಗಿದಳು. ಪೆಂಟಮ್ಮನಿಲ್ಲದ ಬಂಡೆಗೆ ಉಳಿದ ಅಗಸರೂ ಹೋಗಲಿಲ್ಲ. ಮೇಲಿನ ಓಣಿಯವರು ತಮ್ಮ ಬಟ್ಟೆ ತಾವೇ ಒಗೆಯತೊಡಗಿದರು. ಯಾರಿಗೂ ನೀಲಿ ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ. ನಾಲ್ಕೇ ದಿನದಲ್ಲಿ ಊರಿನ ಗಂಡಸರೆಲ್ಲ ಆಕಾಶದ ಬಣ್ಣದ ಅಂಗಿ ತೊಟ್ಟು ಓಡಾಡಿದರು. ಕುರುಮಯ್ಯ ಮಾತ್ರ ನಡುಹಗಲು, ಎಲ್ಲರೆದುರು, ತನ್ನ ಗಂಟು ತಂದು ಪೆಂಟಮ್ಮನ ಅಂಗಳದಲ್ಲಿ ಹಾಕಿದ. ಸಾರಿದ ಮ್ಯಾಲೂ ನಿಂದ್ಯಾಕ ತಂದಿ ಮಾರಾಯ ಎಂದು ಪೆಂಟಮ್ಮ ಕೇಳಿದರೆ, "ನನಗ ನನ್ನ ಬಾಲ ಬೇಕು" ಎಂದ.

ಕರಿಬಸಯ್ಯನವರು ಸುಮ್ಮನೆ ಕೂರಲಿಲ್ಲ. ಗುರುವಾರ ಮಠದಲ್ಲಿ ಜನರ ಮುಂದೆ ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟು, "ಹಿರಿಯರು ಬತ್ತಲೆ ಅದಾರ" ಎಂದರು.

ಪೆಂಟಮ್ಮನನ್ನು ಹೆದರಿಸಲು ಆಡಿದ ಮಾತು ಅದು. ಆದರೆ ಮಾತು ಆಡಿದವರ ಕೈಯಲ್ಲಿ ಉಳಿಯಲಿಲ್ಲ. ಶುಕ್ರವಾರದಿಂದ ಮೇಲಿನ ಓಣಿಯ ಹೆಂಗಸರು ವಾಡೆಯ ಮುಂದೆ ಹಾಯುವಾಗ ಮುಖಕ್ಕೆ ಸೆರಗು ಎಳೆದುಕೊಳ್ಳತೊಡಗಿದರು. ವಾಡೆಯ ಕಸಮುಸುರೆಯವಳು, ನಾನು ಮರ್ಯಾದಸ್ಥ ಹೆಂಗಸು ಎಂದು ಕೆಲಸ ಬಿಟ್ಟಳು. ಸತ್ಯನಾರಾಯಣ ಪೂಜೆಗೆ ಕರೆದರೆ ಯಾರೂ ಹೋಗಲಿಲ್ಲ. ಕೊನೆಗೆ ಸುದ್ದಿ ಗದ್ವಾಲಕ್ಕೂ ಹೋಯಿತು. ಶ್ರೀನಾಥನ ಮಗಳು ಭಾಗ್ಯಜ್ಯೋತಿಯನ್ನು ನೋಡಲು ಗದ್ವಾಲದಿಂದ ದೊಡ್ಡ ಮನೆತನದವರು ಬರುವುದಿತ್ತು. ಅವರು ಫೋನು ಮಾಡಿ, "ನಮ್ಮ ಕಡೆ ಹೆಣಮಕ್ಕಳೂ ಬರತಾರ. ಮುತ್ಯಾ ಬಟ್ಟಿ ಹಾಕ್ಕೊಂಡ ಮ್ಯಾಲೆ ಹೇಳ್ರಿ, ಬರತೀವಿ" ಎಂದರಂತೆ.

ಶ್ರೀನಾಥ ಹೊಸ ಧೋತರ ತಂದ. ಮಕ್ತಲ್‌ನಿಂದ ತಂದ, ಗದ್ವಾಲದಿಂದ ರೇಷ್ಮೆಯಂಚಿನದು ತಂದ. ಮಂಚದ ಮೇಲೆ ಹರವಿಸಿದ. ಆದರೆ ಕರಿಬಸಯ್ಯನವರು ಮೊದಲೇ ಹೇಳಿಬಿಟ್ಟಿದ್ದರು. ಹಿರಿಯರು ತಮ್ಮ ಹಳೇ ಧೋತರ ಬಿಟ್ಟು ಬೇರೆ ಉಡುವುದಿಲ್ಲ, ಪೆಂಟಿಯೇ ತಂದು ಕಾಲಿಗೆ ಬೀಳಬೇಕು ಎಂದು. ಈಗ ಮಾತು ತಿರುಗಿಸಿದರೆ ಮಠದ ಮಾನ ಹೋಗುತ್ತಿತ್ತು. ಹಿರಿಯರು ಬತ್ತಲೆಯೇ ಉಳಿದರು.

ಮರುವಾರ, ಸೋಮವಾರ ಬೆಳಿಗ್ಗೆ, ಶ್ರೀನಾಥ ಪಟೇಲ ಅಗಸರ ಓಣಿಗೆ ಬಂದ. ಹುಟ್ಟಿದಾಗಿನಿಂದ ಆ ಓಣಿಯಲ್ಲಿ ಇಸ್ತ್ರಿಯಾದ ಬಟ್ಟೆ ತೊಟ್ಟವನು ಆ ಓಣಿಯನ್ನು ಕಂಡದ್ದು ಅದೇ ಮೊದಲು. ಅವನ ಅಂಗಿಯೂ ನೀಲಿಯಾಗಿತ್ತು. ಪೆಂಟಮ್ಮನ ಮನೆ ಯಾವುದೆಂದು ಕೇಳಿಕೊಂಡು ಬರಬೇಕಾಯಿತು.

ಅಂಗಳದಲ್ಲಿ ಪಟೇಲನ ಕರಿ ಕೋಟು ಹಗ್ಗದ ಮೇಲೆ ಬಿಸಿಲು ಕಾಯುತ್ತಿತ್ತು. ದೇವಿಕಾ ಗೋಡೆಗೆ ಒರಗಿ ಕಾಲು ಚಾಚಿ ಕೂತು, ಧೋತರಗಳನ್ನು ಹರಿದು ಬಾಣಂತನಕ್ಕೆ ಅರಿವೆ ಮಾಡುತ್ತಿದ್ದಳು. ಗಂಜಿಬಟ್ಟೆ ಹರಿಯುವ ಸಪ್ಪಳ ಪರ್‌ ಎಂದು ಬರುತ್ತಿತ್ತು. ಶ್ರೀನಾಥನನ್ನು ಕಂಡು ಅವಳು ಏಳಲಿಲ್ಲ. ಏಳಬೇಡವೆಂದು ಯಾರೂ ಹೇಳಿರಲಿಲ್ಲ. ಸುಮ್ಮನೆ ಏಳಲಿಲ್ಲ.

ಶ್ರೀನಾಥ ನಿಂತ. ಕೂರಲು ಅಲ್ಲಿ ಏನೂ ಇರಲಿಲ್ಲ. "ಪೆಂಟಮ್ಮಾ," ಎಂದು ಕರೆದ. ಪೆಂಟಿ ಎಂಬುದಕ್ಕೆ ಅಮ್ಮ ಸೇರಿಸಲು ಅವನ ನಾಲಿಗೆಗೆ ಕಷ್ಟವಾಯಿತು.

ಪೆಂಟಮ್ಮ ಒಳಗಿನಿಂದ ಬಂದಳು. ಕೈಗೆ ಎಣ್ಣೆ ಹಚ್ಚಿಕೊಂಡಿದ್ದಳು. ಬೆರಳ ಸಂದುಗಳಲ್ಲಿ ಹೊಸ ಚರ್ಮ ಬರುತ್ತಿತ್ತು.

"ಹೇಳ್ರಿ."

"ಒಂದು ಧೋತರ ಬೇಕಾಗಿತ್ತು. ಹಳೇದು. ಒಂದ ಒಂದು." ಅವನು ಓಣಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದ. "ನಿನಗ ಗೊತ್ತೈತಿ. ಮಗಳ ಮದುವಿ ಮಾತು."

"ಯಾರು ಉಡೋರು?"

ನೀಲಿ ಅಂಗಿಯಲ್ಲಿ ಬೆವರು ಇಳಿಯಿತು. "ನಮ್ಮಪ್ಪ," ಎಂದ ಕೊನೆಗೆ.

ದೇವಿಕಾ ಹರಿಯುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು.

"ಐತ್ರಿ," ಎಂದಳು ಪೆಂಟಮ್ಮ. "ಎರಡು ಉಳದಾವ. ನಿಮ್ಮಪ್ಪಗ ನಾ ಇಲ್ಲ ಅನ್ನಂಗಿಲ್ಲ. ಆದ್ರ ಅವರ ಕೈಯಾಗ ಕೊಡ್ತೀನಿ. ಅವರನ್ನ ಕಳಿಸ್ರಿ. ಹಗಲೊತ್ತು ಬರಲಿ, ಓಣಿ ಜನ ನೋಡ್ಲಿ."

"ಹೆಂಗ ಬರತಾರ, ಪೆಂಟಮ್ಮಾ?"

"ನೀವ ಹೆಂಗ ಬಂದ್ರಿ? ಹಂಗ. ಇನ್ನೊಂದು ಮಾತು. ಉಟ್ಟದ್ದನ್ನ ತಾವ ಒಗಕೋಬೇಕು. ನಮ್ಮ ಮನಿಗಿ ತರಬಾರದು. ಒಗಿಯಾಕ ಬರತೈತೇನು, ಹೋಗಿ ಕೇಳ್ಕೊಂಡ ಬರ್ರಿ."

ಶ್ರೀನಾಥ ಪಟೇಲ ಆಯಿತೆಂದು ತಲೆಯಾಡಿಸಿ ವಾಡೆಯ ಕಡೆ ತಿರುಗಿದ. ಓಣಿಯ ತಿರುವಿನವರೆಗೆ ಬೇಗಬೇಗ ನಡೆದ. ಅಲ್ಲಿ ಹೋದ ಮೇಲೆ ತಾನು ಯಾರನ್ನು ಏನು ಕೇಳಲು ಹೊರಟಿದ್ದೇನೆಂಬುದು ಅವನಿಗೆ ಹೊಳೆಯಿತು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟುಕೊಂಡು ಅಲ್ಲೇ ನಿಂತ. ಹಿಂದೆ ಬಟ್ಟೆ ಹರಿಯುವ ಸಪ್ಪಳ ಮತ್ತೆ ಶುರುವಾಯಿತು.